ಇದ್ದಿಲಿಗೆ ಎನ್‌ಎಂಆರ್ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ತವರು ಮೂಡಿಗೆರೆ ಕಡೆ. ಕಾಫಿ ಹೊಟ್ಟು, ತೆಂಗಿನ ಕರಟ, ಸಿಲ್ವರ್ ಓಕ್ ಚಕ್ಕೆ ಇವನ್ನೆಲ್ಲ ಗಾಳಿಯಾಡದಂತೆ ಸುಟ್ಟು, ಬಂದ ಇದ್ದಿಲನ್ನು ಘನಸ್ಥಿತಿ ಎನ್‌ಎಂಆರ್‌ನಲ್ಲಿ ನೋಡುವುದು ನನ್ನ ಕೆಲಸ. ಎನ್‌ಎಂಆರ್ ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್; ಘನಸ್ಥಿತಿ ಅಂದರೆ ಕರಗಿಸದೆ ಪುಡಿಯಾಗೇ ಇಟ್ಟು ನೋಡುವುದು. ಊರಿಗೆ ಹೋದರೆ ತೋಟದವರು ಕೇಳುತ್ತಾರೆ, ಕಾಲೇಜಿಗೆ ಬಂದರೆ ಹುಡುಗರು ಕೇಳುತ್ತಾರೆ. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಎನ್‌ಎಂಆರ್ ಅಂದ್ರೆ ಆಸ್ಪತ್ರೇಲಿ ಸುರಂಗದೊಳಗೆ ಮಲಗಿಸ್ತಾರಲ್ಲ, ಅದೇನಾ ಅಮ್ಮಾ?

ಅದರ ಅಣ್ಣ ಅನ್ನಬಹುದು. ಆಸ್ಪತ್ರೆಯ ಎಂಆರ್‌ಐ ಮೈಯೊಳಗಿನ ನೀರು, ಕೊಬ್ಬಿನ ಹೈಡ್ರೋಜನ್ ಎಲ್ಲೆಲ್ಲಿದೆ ಎಂದು ಚಿತ್ರ ಬರೆಯುತ್ತದೆ. ನಮ್ಮ ಯಂತ್ರ ಚಿತ್ರ ಕೊಡುವುದಿಲ್ಲ, ಪರಮಾಣುವಿನ ಅಕ್ಕಪಕ್ಕ ಯಾರಿದ್ದಾರೆ ಎಂದು ಹೇಳುತ್ತದೆ. ಕೆಲವು ನ್ಯೂಕ್ಲಿಯಸ್‌ಗಳು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತವೆ. ದೊಡ್ಡ ಅಯಸ್ಕಾಂತದೊಳಗೆ ಇಟ್ಟು ರೇಡಿಯೋ ತರಂಗ ಬಿಟ್ಟರೆ ತಮ್ಮದೇ ಒಂದು ಆವರ್ತನದಲ್ಲಿ ಉತ್ತರ ಕೊಡುತ್ತವೆ. ಸುತ್ತಲಿನ ಎಲೆಕ್ಟ್ರಾನ್‌ಗಳ ನೆರಳು ಬಿದ್ದು ಆ ಆವರ್ತನ ಹತ್ತು ಲಕ್ಷಕ್ಕೆ ಇಷ್ಟು ಪಾಲು ಎಂಬಂತೆ ಆಚೀಚೆ ಸರಿಯುತ್ತದೆ. ಆ ಸರಿತವೇ ಕೆಮಿಕಲ್ ಶಿಫ್ಟ್, ಅದರ ಅಳತೆ ಪಿಪಿಎಂ.

ಇದನ್ನು 1945-46ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ತಂಡಗಳು ಬೇರೆ ಬೇರೆಯಾಗಿ ಕಂಡವು. 1952ರ ನೊಬೆಲ್ ಇಬ್ಬರಿಗೂ ಬಂತು. ಪರ್ಸೆಲ್ ತಂಡ ಮೊದಲು ಇಟ್ಟು ನೋಡಿದ್ದು ಪ್ಯಾರಾಫಿನ್ ಮೇಣ. ಅಂದರೆ ಶುರುವಾದದ್ದೇ ಘನವಸ್ತುವಿನಿಂದ. ದ್ರವಗಳದ್ದು ಸಲೀಸು ಅಂತ ಆಮೇಲೆ ಎಲ್ಲರೂ ಆ ಕಡೆ ವಾಲಿದರು.

ಇದ್ದಿಲು ಅಂದ್ರೆ ಇದ್ದಿಲು, ಕರ್ರಗಿರುತ್ತೆ. ಅದ್ರಲ್ಲಿ ನೋಡೋಕೇನಿದೆ?

ಒಂದೇ ಗುಡ್ಡೆ ಕಾಫಿ ಹೊಟ್ಟನ್ನು 350 ಡಿಗ್ರಿಯಲ್ಲೊಂದು ಪಾಲು, 650ರಲ್ಲಿ ಇನ್ನೊಂದು ಪಾಲು ಸುಟ್ಟು ಪಕ್ಕಪಕ್ಕ ಇಡಿ. ಕಣ್ಣಿಗೆ ಎರಡೂ ಕಪ್ಪು. ಮೊದಲನೆಯದರಲ್ಲಿ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್‌ನ ಪಳೆಯುಳಿಕೆ, ಅಲ್ಲಲ್ಲಿ ಕೊಬ್ಬಿನಂಥ ಸರಪಳಿ ಇನ್ನೂ ಉಳಿದಿರುತ್ತವೆ. ಎರಡನೆಯದು ಹೆಚ್ಚುಕಡಿಮೆ ಪೂರ್ತಿ ಆರು ಮೂಲೆಯ ಉಂಗುರಗಳ ಹೆಣಿಗೆ. ಮಣ್ಣಿಗೆ ಹಾಕಿದರೆ ಎಷ್ಟು ಬಾಳುತ್ತದೆ, ನೀರಿನ ಬಣ್ಣ ಹೀರುತ್ತದೋ ಇಲ್ಲವೋ, ಬ್ಯಾಟರಿಗೆ ಆಗುತ್ತದೋ, ಇವೆಲ್ಲ ನಿಂತಿರುವುದು ಆ ಹೆಣಿಗೆಯ ಮೇಲೆ. ವಜ್ರವೂ ಗ್ರಾಫೈಟೂ ಒಂದೇ ಕಾರ್ಬನ್ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಇದ್ದಿಲು ಅವೆರಡರಷ್ಟು ಶಿಸ್ತಿನದಲ್ಲ. ಅದಕ್ಕೇ ಕಷ್ಟ, ಅದಕ್ಕೇ ರುಚಿ.

ಎಲ್ಲ ಕಾರ್ಬನ್ನೂ ಕಾಣುತ್ತಾ ಮೇಡಂ?

ಇಲ್ಲ. ಮಾಮೂಲಿ ಕಾರ್ಬನ್-12ಕ್ಕೆ ಸ್ಪಿನ್ನೇ (ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಗುಣವೇ) ಇಲ್ಲ, ಯಂತ್ರದ ಮಟ್ಟಿಗೆ ಅದು ಮೂಕ. ಮಾತಾಡುವುದು ಕಾರ್ಬನ್-13, ಅದು ಇರುವುದು ನೂರಕ್ಕೆ 1.1. ಸಾಲದೆಂದು ಅದರ ಅಯಸ್ಕಾಂತ ಶಕ್ತಿ ಹೈಡ್ರೋಜನ್‌ನ ಕಾಲು ಭಾಗ. 9.4 ಟೆಸ್ಲಾ ಅಯಸ್ಕಾಂತದಲ್ಲಿ, ಕೋಣೆಯ ಬಿಸಿಯಲ್ಲಿ, ಒಂದು ದಿಕ್ಕಿನವು ಇನ್ನೊಂದು ದಿಕ್ಕಿನವಕ್ಕಿಂತ ಹತ್ತು ಲಕ್ಷಕ್ಕೆ ಸುಮಾರು ಎಂಟರಷ್ಟು ಮಾತ್ರ ಹೆಚ್ಚು. ನಮಗೆ ಸಿಗುವ ಸಿಗ್ನಲ್ ಆ ಎಂಟರದ್ದು. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಪ್ರೋಟಾನ್‌ಗಿಂತ (ಹೈಡ್ರೋಜನ್ ನ್ಯೂಕ್ಲಿಯಸ್‌ಗಿಂತ) ಆರು ಸಾವಿರ ಪಟ್ಟು ಹತ್ತಿರ ಹತ್ತಿರ ದುರ್ಬಲ. ಒಂದು ಸ್ಪೆಕ್ಟ್ರಮ್‌ಗೆ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಎಂಬ ನಕ್ಷೆಗೆ) ರಾತ್ರಿಯಿಡೀ ಯಾಕೆ ಎನ್ನುವುದಕ್ಕೆ ಉತ್ತರ ಇದೇ.

ಆ 54.7 ಡಿಗ್ರಿ ಎಲ್ಲಿಂದ ಬಂತು? ಬಾಯಿಪಾಠ ಮಾಡಿದೀನಿ, ಅರ್ಥ ಆಗಿಲ್ಲ.

ದ್ರವದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಉರುಳಾಡುತ್ತವೆ, ದಿಕ್ಕಿನ ಭೇದ ಸರಾಸರಿಯಲ್ಲಿ ಅಳಿಸಿಹೋಗುತ್ತದೆ, ಪೀಕ್ (ನಕ್ಷೆಯಲ್ಲಿ ಸಿಗ್ನಲ್ಲಿನ ಏರು) ಸೂಜಿಯಂತೆ ಬರುತ್ತದೆ. ಇದ್ದಿಲು ಯಾವ ದ್ರಾವಕದಲ್ಲೂ ಕರಗುವುದಿಲ್ಲ. ಅದರ ಒಂದೊಂದು ಉಂಗುರವೂ ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿರುತ್ತದೆ. ಒಂದೊಂದರ ಆವರ್ತನ ಒಂದೊಂದು, ಸೇರಿ ಒಂದು ಗುಡ್ಡ.

ಆ ದಿಕ್ಕಿನ ಭೇದವೆಲ್ಲ 3cos²θ−1 ಎಂಬ ಲೆಕ್ಕದ ಮೇಲೆ ನಿಂತಿದೆ. ಸ್ಯಾಂಪಲ್ ತಿರುಗಿಸುವ ಅಕ್ಷಕ್ಕೂ ದೊಡ್ಡ ಅಯಸ್ಕಾಂತದ ದಿಕ್ಕಿಗೂ ನಡುವಿನ ಕೋನ θ. ಆ ಲೆಕ್ಕ ಸೊನ್ನೆಯಾಗುವುದು θ 54.74 ಡಿಗ್ರಿ ಇದ್ದಾಗ. ಸ್ಯಾಂಪಲನ್ನು ಅಷ್ಟು ಓರೆ ಹಿಡಿದು ಜೋರಾಗಿ ತಿರುಗಿಸಿದರೆ ದಿಕ್ಕಿನ ಭೇದ ಅಳಿಯುತ್ತದೆ. ಕೈಯಲ್ಲಿ ನೋಡಬೇಕೆಂದರೆ ಲೂಡೋ ದಾಳ ತಗೊಳ್ಳಿ. ಎದುರುಬದುರಿನ ಎರಡು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ತಿರುಗುವ ಅಕ್ಷಕ್ಕೂ ದಾಳದ ಅಂಚಿಗೂ ನಡುವಿನ ಕೋನ ಅದೇ. ಉದ್ದ, ಅಗಲ, ಎತ್ತರ ಮೂರೂ ಸಮವಾಗಿ ಬೆರೆಯುತ್ತವೆ, ಯಾವುದಕ್ಕೂ ಪಕ್ಷಪಾತ ಇಲ್ಲ. 1958ರಲ್ಲಿ ಆಂಡ್ರ್ಯೂ, 1959ರಲ್ಲಿ ಲೋವ್ ಇದನ್ನು ಮಾಡಿ ತೋರಿಸಿದರು. ಆಣ್ವಿಕ ಉರುಳಾಟ ಇಲ್ಲದ ಕಡೆ ನಾವೇ ಬುಗುರಿ ಆಡಿಸುತ್ತೇವೆ, ಅಷ್ಟೇ.

## ಸ್ಯಾಂಪಲ್ ಕೈಗೆ ಬಂದಾಗ

ಎಷ್ಟು ಕೊಡಬೇಕು? ಒಂದು ಚೀಲ ಸಾಕಾ?

ಒಂದು ಚಮಚವೂ ಹೆಚ್ಚಾಯಿತು. ಪುಡಿ ತುಂಬಿ ತಿರುಗಿಸುವ ಪುಟ್ಟ ಕೊಳವೆಗೆ ರೋಟರ್ ಎನ್ನುತ್ತೇವೆ. ಹೆಚ್ಚು ಬಳಕೆಯದು ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯದ್ದು, 4 ಮಿಲಿಮೀಟರ್ ದಪ್ಪ. ಹಗುರ ಇದ್ದಿಲಾದರೆ 50ರಿಂದ 80 ಮಿಲಿಗ್ರಾಂ ಹಿಡಿಯುತ್ತದೆ. ಅದು ಸೆಕೆಂಡಿಗೆ ಹತ್ತು ಸಾವಿರ ಸುತ್ತು ತಿರುಗುತ್ತದೆ, ನಿಮಿಷಕ್ಕೆ ಆರು ಲಕ್ಷ. ಹೊರಮೈ ವೇಗ ಗಂಟೆಗೆ 450 ಕಿಲೋಮೀಟರ್ ದಾಟುತ್ತದೆ. ತುಂಬುವಾಗ ಒಂದು ಕಡೆ ಗಂಟು ಕಟ್ಟಿದ್ದರೆ ತೂಕ ತಪ್ಪಿ ಒದರುತ್ತದೆ, ಮುಚ್ಚಳ ಹಾರುತ್ತದೆ.

ಆದ್ದರಿಂದ ಒಂದೊಂದೇ ಚಿಟಿಕೆ ಹಾಕಿ, ಸಣ್ಣ ಕಡ್ಡಿಯಲ್ಲಿ ಮೆಲ್ಲಗೆ ಒತ್ತಿ, ಮತ್ತೆ ಚಿಟಿಕೆ. ಇದ್ದಿಲ ಪುಡಿಗೆ ಇನ್ನೊಂದು ಚೇಷ್ಟೆ ಇದೆ. ರೋಟರ್‌ನ ಬುಡದ ಅಂಚಿನಲ್ಲಿ ಅರ್ಧ ಸುತ್ತು ಕಪ್ಪು ಮಾರ್ಕರ್ ಬಳಿದಿರುತ್ತಾರೆ. ಕಪ್ಪು, ಬಿಳಿ ಬದಲಾಗುವುದನ್ನು ಬೆಳಕಿನ ಸೆನ್ಸರ್ ಎಣಿಸಿ ವೇಗ ಹೇಳುತ್ತದೆ. ನಮ್ಮ ಹುಡುಗರು ಕೈಗೆ ಮೆತ್ತಿದ ಇದ್ದಿಲನ್ನು ಉಳಿದರ್ಧ ಬಿಳಿಗೂ ಒರೆಸಿಬಿಡುತ್ತಾರೆ. ರೋಟರ್ ಪಾಡಿಗೆ ರೋಟರ್ ತಿರುಗುತ್ತಿರುತ್ತದೆ, ಪರದೆಯ ಮೇಲೆ ವೇಗ ಸೊನ್ನೆ. ಎಥನಾಲ್ ಅದ್ದಿದ ಟಿಶ್ಯೂದಲ್ಲಿ ಬುಡ ಒರೆಸಿ, ಮಾರ್ಕರ್ ಹೊಸದಾಗಿ ಬಳಿದೇ ಒಳಗಿಡಿ.

ಮನೆ ಕುಟ್ಟಾಣೀಲಿ ಪುಡಿ ಮಾಡಿ ತಂದ್ರೆ ಆಗಲ್ವಾ?

ಆಗಲ್ಲ. ಇದನ್ನು ನಾನೇ ಮಾಡಿ ಅನುಭವಿಸಿದ್ದೇನೆ. ಮೊದಲ ಸಲ ತವರಿನಿಂದ ತಂದ ಕರಟದ ಇದ್ದಿಲನ್ನು ಹಳೇ ಕಬ್ಬಿಣದ ಕುಟ್ಟಾಣಿಯಲ್ಲಿ ಅರೆದೆ. ರೋಟರ್ ಅಯಸ್ಕಾಂತದೊಳಗೆ ತಿರುಗಲು ಒಪ್ಪಲಿಲ್ಲ. ಆಪರೇಟರ್ ಏನೂ ಅನ್ನದೆ ಮೇಜಿನ ಖಾನೆಯಿಂದ ಒಂದು ಅಯಸ್ಕಾಂತ ತೆಗೆದು ಕಾಗದದಲ್ಲಿ ಸುತ್ತಿ, ಉಳಿದ ಪುಡಿಯ ಮೇಲೆ ಆಡಿಸಿದರು. ಕಾಗದಕ್ಕೆ ಗಡ್ಡ ಬಂದಂತೆ ಪುಡಿ ಅಂಟಿಕೊಂಡಿತು. ಅವತ್ತಿನ ಸ್ಲಾಟ್ ಹೋಯಿತು, ಬಸ್ ಚಾರ್ಜೂ ಹೋಯಿತು. ಈಗ ಅಗೇಟ್ ಕಲ್ಲಿನ ಖಲಬತ್ತಿನಲ್ಲಿ ಮಾತ್ರ ಅರೆಯುತ್ತೇನೆ, ಕಾಗದದ ಅಯಸ್ಕಾಂತ ಪರೀಕ್ಷೆ ಹಾಸನದಲ್ಲೇ ಮುಗಿಸುತ್ತೇನೆ.

ಕಾಫಿ ಹೊಟ್ಟಿನದಾದರೆ ಇನ್ನೊಂದು ಮಾತು. ಅದರ ಬೂದಿಯಲ್ಲಿ ಪೊಟ್ಯಾಸಿಯಂ ಜಾಸ್ತಿ. ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದ ಮಲೆನಾಡಲ್ಲಿ ಡಬ್ಬಿ ತೆರೆದಿಟ್ಟರೆ ಪುಡಿ ಮುದ್ದೆಯಾಗುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ, ಬಿಗಿ ಮುಚ್ಚಳ ಹಾಕಿ ತನ್ನಿ.

ತೋಟದ ಮಣ್ಣನ್ನೇ ನೇರ ಹಾಕಿಸಿದ್ರೆ ಅದರೊಳಗಿನ ಕಾರ್ಬನ್ ಗೊತ್ತಾಗುತ್ತಲ್ಲ?

ನಮ್ಮ ಕಡೆಯ ಕೆಂಪು ಮಣ್ಣಾದರೆ ಬಹಳ ಕಷ್ಟ. ಆ ಕೆಂಪೇ ಕಬ್ಬಿಣ. ಜೋಡಿ ಇಲ್ಲದ ಎಲೆಕ್ಟ್ರಾನ್ ಇರುವ ಕಬ್ಬಿಣ ಪಕ್ಕದಲ್ಲಿದ್ದರೆ ಕಾರ್ಬನ್ನಿನ ಪೀಕ್ ಅಗಲವಾಗಿ ಮುಳುಗಿಹೋಗುತ್ತದೆ. ಜೊತೆಗೆ ಮಣ್ಣಲ್ಲಿ ಕಾರ್ಬನ್ ಇರುವುದೇ ನೂರಕ್ಕೆ ಒಂದೋ ಮೂರೋ ಪಾಲು. ಅದಕ್ಕಾಗಿ ತೆಳು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಖನಿಜ, ಕಬ್ಬಿಣ ಎರಡನ್ನೂ ತೊಳೆದು ಕಾರ್ಬನ್ ಪಾಲನ್ನು ದಟ್ಟ ಮಾಡುತ್ತಾರೆ. ಆ ಆಮ್ಲ ಮೂಳೆಯವರೆಗೂ ಇಳಿಯುವಂಥದ್ದು, ತರಬೇತಿ ಇರುವ ಲ್ಯಾಬಿನವರು ಮಾತ್ರ ಮುಟ್ಟಬೇಕು. ಕುದುರೆಮುಖದ ಅದಿರಿನಂಥ ಮ್ಯಾಗ್ನೆಟೈಟ್ ಇರುವ ಮಣ್ಣಾದರೆ ರೋಟರ್ ಹತ್ತಿರವೂ ತರಬೇಡಿ. ಅಲ್ಲಿ ಗಣಿ 2005ರ ಕೊನೆಗೆ ನಿಂತಿತು, ಮಣ್ಣಿಗೆ ಅದು ಗೊತ್ತಿಲ್ಲ.

ಹಾಸನದಲ್ಲಿ ಎಲ್ಲಿ ಮಾಡಿಸ್ಬಹುದು?

ಬೆಂಗಳೂರಿಗೇ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರದಲ್ಲಿ ಘನಸ್ಥಿತಿ ಯಂತ್ರಗಳಿವೆ. ದೇಶದ ಯಾವ ಯಂತ್ರ ಎಲ್ಲಿದೆ ಎಂದು ಹುಡುಕಲು ಸರ್ಕಾರದ ಐ-ಸ್ಟೆಮ್ ಪೋರ್ಟಲ್ ಇದೆ. ಅರ್ಜಿಯಲ್ಲಿ ಬರೀ ‘ಕಾರ್ಬನ್ ಸ್ಯಾಂಪಲ್’ ಎಂದು ಬರೆಯಬೇಡಿ. ಎಷ್ಟು ಡಿಗ್ರಿಯಲ್ಲಿ ಸುಟ್ಟದ್ದು, ವಿದ್ಯುತ್ ಹರಿಯುತ್ತದೆಯೇ, ಕಬ್ಬಿಣ ಪರೀಕ್ಷೆ ಮಾಡಿದ್ದೀರಾ ಎಂದು ಬರೆದರೆ ಅಲ್ಲಿಯವರು ಅರ್ಧ ಕೆಲಸ ಉಳಿಯಿತು ಎಂದುಕೊಳ್ಳುತ್ತಾರೆ.

## ಸ್ಪೆಕ್ಟ್ರಮ್ ಎದುರು ಕೂತಾಗ

ಯಾವ ಪೀಕ್ ಯಾರದ್ದು ಅಂತ ಒಂದೇ ಉಸಿರಲ್ಲಿ ಹೇಳಿಬಿಡಿ ಮೇಡಂ.

ಬಲದಿಂದ ಎಡಕ್ಕೆ ನಡೆಯೋಣ. ಸುಡದ ಹೊಟ್ಟಿನಲ್ಲಿ 21 ಪಿಪಿಎಂ ಹತ್ತಿರ ಅಸಿಟೈಲ್‌ನ ಮೀಥೈಲ್, 30ರ ಸುತ್ತ ಮೇಣದ ಸರಪಳಿ, 56ರಲ್ಲಿ ಲಿಗ್ನಿನ್‌ನ ಮೆಥಾಕ್ಸಿ. 72ರ ಆಸುಪಾಸಿನ ಎತ್ತರದ ಗೋಪುರ ಸೆಲ್ಯುಲೋಸಿನದ್ದು, 105ರಲ್ಲಿರುವುದು ಅದೇ ಸೆಲ್ಯುಲೋಸಿನ ಒಂದನೇ ಕಾರ್ಬನ್. 147ರಿಂದ 153ರವರೆಗೆ ಆಮ್ಲಜನಕಕ್ಕೆ ಅಂಟಿದ ಆರೊಮ್ಯಾಟಿಕ್ (ಆರು ಮೂಲೆಯ ಉಂಗುರದ) ಕಾರ್ಬನ್‌ಗಳು, 173ರ ಹತ್ತಿರ ಕಾರ್ಬಾಕ್ಸಿಲ್. ಕರಟದಲ್ಲಿ ಲಿಗ್ನಿನ್ ಹೆಚ್ಚು, ಅದಕ್ಕೇ 56 ಮತ್ತು 150ರ ಭಾಗ ಎದ್ದು ಕಾಣುತ್ತದೆ.

ಬಿಸಿ ಏರಿಸುತ್ತ ಹೋಗಿ. ಮೊದಲು ಕಂಬಿ ಕೀಳುವುದು ಸೆಲ್ಯುಲೋಸಿನ ದಾಯಾದಿ ಹೆಮಿಸೆಲ್ಯುಲೋಸ್, ಅಸಿಟೈಲ್ ಅದರ ಮೇಲೇ ಇರುವುದರಿಂದ 21 ಮತ್ತು 173 ಜೊತೆಜೊತೆಗೆ ಕುಸಿಯುತ್ತವೆ. ಸೆಲ್ಯುಲೋಸ್ ಗಟ್ಟಿಗ, 300 ದಾಟುವವರೆಗೂ ಕಾದು ಆಮೇಲೆ ಒಮ್ಮೆಲೇ ಹೋಗುತ್ತದೆ. ಅಷ್ಟರಲ್ಲಿ 128ರ ಸುತ್ತ ಅಗಲದ ಒಂದು ಗುಡ್ಡ ಎದ್ದಿರುತ್ತದೆ. 500ರ ಹೊತ್ತಿಗೆ 150ರ ಭುಜವೂ 20ರ ಸಣ್ಣ ಗುಪ್ಪೆಯೂ ಸೊರಗಿ, 600 ದಾಟಿದ ಮೇಲೆ ಗುಡ್ಡವೊಂದೇ. ಮುಳ್ಳಯ್ಯನಗಿರಿಯನ್ನು ದೂರದಿಂದ ನೋಡಿದಂತೆ, ಸುತ್ತ ಏನೂ ಇಲ್ಲ. ಅಳತೆ ಶುರು ಮಾಡುವ ಮುನ್ನ ಅಳತೆಗೋಲಾಗಿ ಅಡಮಾಂಟೇನ್ ಹಾಕಿ ಅದರ ಎಡಗಡೆ ಪೀಕನ್ನು 38.5ಕ್ಕೆ ಕೂರಿಸಿಕೊಳ್ಳುವುದನ್ನು ಮರೆಯಬೇಡಿ.

128ರ ಎರಡೂ ಕಡೆ ಮರಿ ಪೀಕ್ ಬಂದಿದೆ. 29ರಲ್ಲಿರೋದನ್ನ ಅಲಿಫ್ಯಾಟಿಕ್ ಅಂತ ಬರೀಲಾ?

ತಡೆಯಿರಿ. ಅಲಿಫ್ಯಾಟಿಕ್ ಅಂದರೆ ಸರಪಳಿಯಂಥ ಕಾರ್ಬನ್, ಇದು ಅದಲ್ಲದಿರಬಹುದು. ನಿಮ್ಮದು 400 ಮೆಗಾಹರ್ಟ್ಸ್ ಯಂತ್ರ, ಅದರಲ್ಲಿ ಕಾರ್ಬನ್ನಿನ ಆವರ್ತನ 100 ಮೆಗಾಹರ್ಟ್ಸ್ ಚಿಲ್ಲರೆ. ನೀವು ತಿರುಗಿಸಿದ್ದು ಹತ್ತು ಕಿಲೋಹರ್ಟ್ಸ್. ಅಂದರೆ ಹತ್ತಿರ ಹತ್ತಿರ 100 ಪಿಪಿಎಂ ದೂರಕ್ಕೊಂದು, ತಿರುಗಿಸುವುದರಿಂದಲೇ ಹುಟ್ಟುವ ಸೈಡ್‌ಬ್ಯಾಂಡ್ ಬಿದ್ದೇ ಬೀಳುತ್ತದೆ. 227ರಲ್ಲೂ ಒಂದು ಕಾಣುತ್ತಿದೆ ತಾನೇ? ಎರಡೂ 128ರ ನೆರಳು. ವೇಗವನ್ನು 12 ಕಿಲೋಹರ್ಟ್ಸ್‌ಗೆ ಏರಿಸಿ ಇನ್ನೊಮ್ಮೆ ತೆಗೆಯಿರಿ. ನೆರಳಾದರೆ 9ರ ಹತ್ತಿರಕ್ಕೆ ಜಾರುತ್ತದೆ, ನಿಜವಾದ ಅಲಿಫ್ಯಾಟಿಕ್ ಆದರೆ ಅಲ್ಲೇ ಕೂತಿರುತ್ತದೆ. ಇಂಟಿಗ್ರೇಟ್ ಮಾಡುವಾಗ ಸೈಡ್‌ಬ್ಯಾಂಡ್‌ಗಳ ವಿಸ್ತೀರ್ಣವನ್ನು ತಾಯಿ ಪೀಕಿಗೇ ಸೇರಿಸಬೇಕು, ಎಸೆಯಬಾರದು.

ಸಿಪಿ ತೆಗೆದೆ, ಆರೊಮ್ಯಾಟಿಕ್ 70 ಪರ್ಸೆಂಟ್ ಬಂತು. ಥೀಸಿಸ್‌ಗೆ ಹಾಕ್ಲಾ?

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಉತ್ತರವೂ ಉದ್ದ.

ಸಿಪಿ, ಅಂದರೆ ಕ್ರಾಸ್ ಪೋಲರೈಸೇಶನ್, ಕೈಗಡದ ವ್ಯವಹಾರ. ಹೈಡ್ರೋಜನ್ ಉಳ್ಳವನು, ಕಾರ್ಬನ್ ಬಡವ. ಎರಡರ ಮೇಲೂ ಲೆಕ್ಕ ಹಾಕಿ ರೇಡಿಯೋ ತರಂಗ ಬಿಟ್ಟು ತಾಳ ಕೂಡಿಸಿದರೆ ಹೈಡ್ರೋಜನ್ ತನ್ನ ಧ್ರುವೀಕರಣವನ್ನು ಕಾರ್ಬನ್ನಿಗೆ ದಾಟಿಸುತ್ತದೆ. ಹೆಚ್ಚೆಂದರೆ ನಾಲ್ಕು ಪಟ್ಟು ಲಾಭ. ಜೊತೆಗೆ ಹೈಡ್ರೋಜನ್ ಬೇಗ ಚೇತರಿಸಿಕೊಳ್ಳುವುದರಿಂದ ಮುಂದಿನ ಸುತ್ತಿಗೆ ಕಾಯುವ ಹೊತ್ತೂ ಕಡಿಮೆ. ಪೈನ್ಸ್, ಗಿಬಿ, ವಾ ಇದನ್ನು 1970ರ ದಶಕದ ಮೊದಲಿಗೆ ಕೊಟ್ಟರು, 1976ರಲ್ಲಿ ಶೇಫರ್ ಮತ್ತು ಸ್ಟೆಸ್ಕಲ್ ಬುಗುರಿಯ ಜೊತೆ ಸೇರಿಸಿದರು. ಹಸಿ ಹೊಟ್ಟಿಗೆ ಇದು ವರ.

ಇದ್ದಿಲಿಗೆ ಬಂದಾಗ ತಕರಾರು. ಕೈಗಡ ಪಕ್ಕದ ಮನೆಯವರಿಗೆ ಸಿಗುತ್ತದೆ, ಮೂರು ಬೀದಿ ಆಚೆಯವರಿಗೆ ಯಾರು ಕೊಡುತ್ತಾರೆ? ಉಂಗುರಗಳ ದೊಡ್ಡ ಹೆಣಿಗೆಯಲ್ಲಿ ಹೈಡ್ರೋಜನ್ ಅಂಚಿನಲ್ಲಷ್ಟೇ ಇರುತ್ತದೆ, ನಡುವಿನ ಕಾರ್ಬನ್‌ಗೆ ಅದರ ಕೈ ಎಟಕುವುದಿಲ್ಲ. ಮೇಲಾಗಿ ಇದ್ದಿಲಿನಲ್ಲಿ ಜೋಡಿ ಕಳೆದುಕೊಂಡ ಎಲೆಕ್ಟ್ರಾನ್‌ಗಳು ಧಾರಾಳ. ದೂರದವನಿಗೆ ದಾಟುವ ಮೊದಲೇ ಸಾಲದ ಹಣ ಅವುಗಳಿಂದಾಗಿ ಸೋರಿಹೋಗುತ್ತದೆ. ಹಾಗಾಗಿ ನಿಮ್ಮ ಸ್ಪೆಕ್ಟ್ರಮ್‌ನಲ್ಲಿ ಹೈಡ್ರೋಜನ್ ಹೊತ್ತ ಅಲಿಫ್ಯಾಟಿಕ್ ಕಾರ್ಬನ್ ಪೂರ್ತಿ ಹಾಜರಿ ಹಾಕಿದೆ, ನಡುಹೆಣಿಗೆಯ ಆರೊಮ್ಯಾಟಿಕ್ ಗೈರು.

ಎಷ್ಟು ಗೈರು ಎಂದು ಎಣಿಸಬಹುದು. ತೂಕ ಮಾಡಿದ ಗ್ಲೈಸಿನ್ ಹಾಕಿ, ಒಂದು ಮಿಲಿಗ್ರಾಂ ಕಾರ್ಬನ್ನಿಗೆ ಎಷ್ಟು ಸಿಗ್ನಲ್ ಎಂದು ನೋಡಿಕೊಳ್ಳಿ. ಇದಕ್ಕೆ ಸ್ಪಿನ್ ಎಣಿಕೆ ಎನ್ನುತ್ತೇವೆ. ನಿಮ್ಮ ರೋಟರ್‌ನಲ್ಲಿ 60 ಮಿಲಿಗ್ರಾಂ ಇದ್ದಿಲು, ಅದರಲ್ಲಿ ನೂರಕ್ಕೆ 80 ಪಾಲು ಕಾರ್ಬನ್ ಎಂದಿಟ್ಟುಕೊಳ್ಳಿ. ಅಂದರೆ 48 ಮಿಲಿಗ್ರಾಂ. ಸಿಗ್ನಲ್ ಲೆಕ್ಕ 19 ಮಿಲಿಗ್ರಾಂ ಎಂದರೆ ಕಂಡದ್ದು ನೂರಕ್ಕೆ 40. ನಿಮ್ಮ 70 ಪರ್ಸೆಂಟ್ ಆ 40ರೊಳಗಿನ ಮಾತು. ಕಾಣದ 60 ಪೂರ್ತಿ ಆರೊಮ್ಯಾಟಿಕ್ ಎಂದು ಹಿಡಿದರೆ ನಿಜ 88ರವರೆಗೂ ಹೋಗುತ್ತದೆ. 70 ಮತ್ತು 88 ಒಂದೇ ಇದ್ದಿಲಲ್ಲ.

ಆದ್ದರಿಂದ ಸಾಲ ಬಿಟ್ಟು ಕಾರ್ಬನ್ನನ್ನು ನೇರವಾಗಿ ಕೇಳಿ. ಪ್ರತಿ ಸುತ್ತಿನ ನಡುವೆ ಕಾರ್ಬನ್ನಿನ ಟಿ1ರ (ಚೇತರಿಸಿಕೊಳ್ಳಲು ಹಿಡಿಯುವ ಹೊತ್ತಿನ) ಐದು ಪಟ್ಟು ಕಾಯಬೇಕು. ಕಾಯುವುದು 60 ಸೆಕೆಂಡ್, ಸುತ್ತು ಸಾವಿರ ಎಂದರೆ ಹತ್ತಿರ ಹತ್ತಿರ ಹದಿನಾರೂ ಮುಕ್ಕಾಲು ಗಂಟೆ. ಸಂಜೆ ಹಾಕಿ ಬೆಳಗ್ಗೆ ನೋಡುವುದು. ಅದರಲ್ಲೂ ಎಣಿಸಿ, ಯಾಕೆಂದರೆ ಒಂಟಿ ಎಲೆಕ್ಟ್ರಾನ್‌ಗೆ ತೀರಾ ಅಂಟಿಕೊಂಡವು ಅಲ್ಲಿಯೂ ಸಿಗುವುದಿಲ್ಲ. ಥೀಸಿಸ್‌ನಲ್ಲಿ ಆರೊಮ್ಯಾಟಿಕ್ ಅಂಕಿಯ ಪಕ್ಕ ಕಂಡ ಕಾರ್ಬನ್ ಎಷ್ಟು ಎಂಬ ಅಂಕಿ ಇಲ್ಲದಿದ್ದರೆ ವೈವಾದಲ್ಲಿ ನಾನಂತೂ ಮೊದಲು ಅದನ್ನೇ ಕೇಳುವುದು.

ರಾಮನ್, ಎಕ್ಸ್‌ಆರ್‌ಡಿ ಎರಡೂ ಇದೆ. ಇದೂ ಬೇಕಾ?

ಪದರಗಳ ನಡುವಿನ ಅಂತರ ಬೇಕೆಂದರೆ ಎಕ್ಸ್‌ಆರ್‌ಡಿ, ದೋಷಗಳ ಅಂದಾಜಿಗೆ ರಾಮನ್. ಮೊದಲನೆಯದು ಎಕ್ಸ್-ಕಿರಣದ ಚೆದುರಿಕೆ, ಎರಡನೆಯದು ಲೇಸರ್ ಬೆಳಕಿನ ಚೆದುರಿಕೆ. ಆಮ್ಲಜನಕ ಯಾವ ರೂಪದಲ್ಲಿ ಅಂಟಿದೆ, ಹೈಡ್ರೋಜನ್ ಹೊತ್ತ ಕಾರ್ಬನ್ ಎಷ್ಟು ಎಂಬುದು ಬೇಕಿದ್ದರೆ ಎನ್‌ಎಂಆರ್. ಆಮ್ಲಜನಕ ಅಂಟಿದ ಕಾರ್ಬನ್ ಹಾಳೆ, ಅಂದರೆ ಗ್ರಾಫೀನ್ ಆಕ್ಸೈಡ್, ಒಳ್ಳೆ ಉದಾಹರಣೆ. 60ರಲ್ಲಿ ಎಪಾಕ್ಸೈಡ್, 70ರಲ್ಲಿ ಹೈಡ್ರಾಕ್ಸಿಲ್, 130ರಲ್ಲಿ ಉಂಗುರ, ಮೂರೂ ಬೇರೆಬೇರೆ ನಿಂತಿರುತ್ತವೆ. 800 ಡಿಗ್ರಿ ದಾಟಿದ ಇದ್ದಿಲಷ್ಟೇ ಕೈಲಿದ್ದರೆ ಮೊದಲೆರಡರಲ್ಲೇ ಮುಗಿಸಿ, ದುಡ್ಡು ಉಳಿಯಲಿ.

## ಒಳಗಿಳಿದವರ ಪ್ರಶ್ನೆಗಳು

900 ಡಿಗ್ರಿ ಸ್ಯಾಂಪಲ್ ಹಾಕಿದ್ರೆ ಪ್ರೋಬ್ ಟ್ಯೂನೇ ಆಗ್ತಿಲ್ಲ. ಯಂತ್ರ ಕೆಟ್ಟಿದ್ಯಾ?

ಪ್ರೋಬ್ ಅಂದರೆ ಸ್ಯಾಂಪಲ್ ಸುತ್ತ ರೇಡಿಯೋ ಸುರುಳಿ ಇರುವ ಭಾಗ. ಯಂತ್ರ ಸರಿಯಿದೆ, ನಿಮ್ಮ ಇದ್ದಿಲು ತಂತಿಯಾಗಿದೆ. ಸುಮಾರು 700 ದಾಟಿದ ಮೇಲೆ ಹೆಣಿಗೆಗಳು ಕೈ ಕೈ ಹಿಡಿದು ವಿದ್ಯುತ್ ಹರಿಸುತ್ತವೆ. ಅಂಥ ವಸ್ತು ಅಯಸ್ಕಾಂತದೊಳಗೆ ತಿರುಗಿದರೆ ಒಳಗೆ ಸುಳಿ ವಿದ್ಯುತ್ ಹುಟ್ಟುತ್ತದೆ, ತಿರುಗಲು ಒದ್ದಾಡುತ್ತದೆ, ಬಿಸಿಯೂ ಆಗುತ್ತದೆ. ನುಣ್ಣಗೆ ಅರೆದು ಒಣ ಸಿಲಿಕಾ ಪುಡಿ ಜೊತೆ ಬೆರೆಸಿ, ಕಣಕ್ಕೆ ಕಣ ತಾಗದಿರಲಿ. ಗ್ರಾಫೈಟ್‌ಗೆ ಇಷ್ಟು ಮಾಡಿದರೂ ಪೀಕ್ ಅಗಲವೇ, ಯಾಕೆಂದರೆ ಅದರ ಪದರದ ಕಾಂತಗುಣ ಒಂದೊಂದು ದಿಕ್ಕಿಗೆ ಒಂದೊಂದು ಥರ. ಇದಕ್ಕೆ ತದ್ವಿರುದ್ಧ ಸಿ60, ಅರವತ್ತು ಕಾರ್ಬನ್ನಿನ ಚೆಂಡು. ಆ ಚೆಂಡುಗಳು ಘನದಲ್ಲೂ ಕೋಣೆಯ ಬಿಸಿಗೇ ಗಿರಗಿರ ತಿರುಗುವುದರಿಂದ 143 ಪಿಪಿಎಂನಲ್ಲಿ ಒಂದೇ ಒಂದು ಚೂಪು ಗೆರೆ. ಅರವತ್ತೂ ಕಾರ್ಬನ್ ಸಮಾನ ಎಂಬುದಕ್ಕೆ ಅದೇ ಸಾಕ್ಷಿ. ವಜ್ರ 35ರ ಹತ್ತಿರ ಬರುತ್ತದೆ, ಆದರೆ ಶುದ್ಧ ವಜ್ರದ ಟಿ1 ಗಂಟೆಗಟ್ಟಲೆ. ತಾಳ್ಮೆ ಇದ್ದವರಿಗೆ.

ಅರಸೀಕೆರೆ ಕರಟದಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್. ಒಳಗಿನ ರಂಧ್ರ ಎನ್‌ಎಂಆರ್‌ನಲ್ಲಿ ಕಾಣುತ್ತಾ?

ರಂಧ್ರ ಕಾಣುವುದಿಲ್ಲ, ರಂಧ್ರದೊಳಗೆ ಹೋದವರು ಕಾಣುತ್ತಾರೆ. ಒಂದೆರಡು ಹನಿ ನೀರು ಹಾಕಿ ಪ್ರೋಟಾನ್ ಸ್ಪೆಕ್ಟ್ರಮ್ ತೆಗೆದರೆ ಎರಡು ಪೀಕ್. ಕಣಗಳ ಹೊರಗಿರುವ ನೀರು 4.8ರ ಹತ್ತಿರ, ರಂಧ್ರದೊಳಗಿನ ನೀರು ಅದಕ್ಕಿಂತ ಹಲವು ಪಿಪಿಎಂ ಬಲಕ್ಕೆ. ಆರೊಮ್ಯಾಟಿಕ್ ಗೋಡೆಗಳಲ್ಲಿ ಎಲೆಕ್ಟ್ರಾನ್‌ಗಳು ಉಂಗುರ ಸುತ್ತಿ ಒಳಗಿನವರಿಗೆ ಅಯಸ್ಕಾಂತದಿಂದ ನೆರಳು ಹಿಡಿಯುತ್ತವೆ. ಈ ಸರಿತದಲ್ಲಿ ನನಗೆ ಇಷ್ಟವಾದದ್ದೆಂದರೆ, ಒಳಹೋದದ್ದು ಯಾವ ನ್ಯೂಕ್ಲಿಯಸ್ ಆದರೂ ಪಿಪಿಎಂ ಲೆಕ್ಕದಲ್ಲಿ ನೆರಳು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನೆರಳು ಗೋಡೆಯದ್ದು, ಬಂದವನದ್ದಲ್ಲ. ರಂಧ್ರ ಕಿರಿದಾದಷ್ಟೂ, ಉಂಗುರಗಳ ಹೆಣಿಗೆ ದೊಡ್ಡದಾದಷ್ಟೂ ಸರಿತ ಹೆಚ್ಚು. ಕರಟದ ಕಾರ್ಬನ್ನಿನಲ್ಲಿ 2 ನ್ಯಾನೋಮೀಟರ್‌ಗಿಂತ ಕಿರಿದಾದವೇ ಬಹಳ, ಹಾಗಾಗಿ ಪೀಕ್‌ಗಳು ಚೆನ್ನಾಗಿ ಬೇರೆಯಾಗುತ್ತವೆ. ಸೂಪರ್‌ಕೆಪಾಸಿಟರ್‌ನವರು ಚಾರ್ಜ್ ಮಾಡುತ್ತಲೇ ಒಳಗೆಷ್ಟು ಅಯಾನ್, ಹೊರಗೆಷ್ಟು ಎಂದು ಎಣಿಸುವುದು ಇದೇ ಜಾಡಿನಲ್ಲಿ.

ಕಾಫಿ ಹೊಟ್ಟಿನ ಹಾರ್ಡ್ ಕಾರ್ಬನ್, ಸೋಡಿಯಂ ಬ್ಯಾಟರಿಗೆ. ಸೋಡಿಯಂ ಎಲ್ಲಿ ಹೋಗಿ ಕೂತಿದೆ ಅಂತ ನೋಡ್ಬಹುದಾ?

ಹಾರ್ಡ್ ಕಾರ್ಬನ್ ಅಂದರೆ ಎಷ್ಟು ಬಿಸಿ ಮಾಡಿದರೂ ಗ್ರಾಫೈಟ್ ಆಗದ ಕಾರ್ಬನ್. ನೋಡಬಹುದು, ಆದರೆ ಈಗ ಕೇಳಬೇಕಾದದ್ದು ಕಾರ್ಬನ್ನನ್ನಲ್ಲ, ಸೋಡಿಯಂ-23ನ್ನು. ಅದು ನೂರಕ್ಕೆ ನೂರು ಮಾತಾಡುವ ನ್ಯೂಕ್ಲಿಯಸ್. ಅಯಾನಾಗಿದ್ದರೆ ಸೊನ್ನೆಯ ಆಸುಪಾಸು. ಲೋಹವಾಗಿಬಿಟ್ಟರೆ ಓಡಾಡುವ ಎಲೆಕ್ಟ್ರಾನ್‌ಗಳ ಪ್ರಭಾವಕ್ಕೆ ಸುಮಾರು 1130 ಪಿಪಿಎಂಗೆ ಜಿಗಿಯುತ್ತದೆ, ಇದಕ್ಕೆ ನೈಟ್ ಶಿಫ್ಟ್ ಎನ್ನುತ್ತಾರೆ. ಹಾರ್ಡ್ ಕಾರ್ಬನ್ನನ್ನು ಕಡಿಮೆ ವೋಲ್ಟೇಜಿನವರೆಗೆ ಚಾರ್ಜ್ ಮಾಡಿದರೆ ಎರಡರ ನಡುವೆ, ಕೆಲವು ನೂರು ಪಿಪಿಎಂ ದೂರದಲ್ಲಿ ಒಂದು ಪೀಕ್ ಏಳುತ್ತದೆ. ಪೂರ್ತಿ ಲೋಹವೂ ಅಲ್ಲ, ಬರೀ ಅಯಾನೂ ಅಲ್ಲ, ಸಂದಿಯಲ್ಲಿ ಗುಂಪುಗೂಡಿದ ಸೋಡಿಯಂ. 1130ರಲ್ಲೇ ಬಂದರೆ ಲೋಹ ಮೇಲ್ಮೈಯಲ್ಲಿ ಕೂರುತ್ತಿದೆ, ಸೆಲ್ ಅಪಾಯದಲ್ಲಿದೆ. ಆರ್ಗಾನ್ ಪೆಟ್ಟಿಗೆಯೊಳಗೇ ರೋಟರ್ ತುಂಬಿ, ಮಲೆನಾಡಿನ ತೇವ ಸೋಕಬಾರದು.

ಉಂಗುರಗಳ ಹೆಣಿಗೆ ಎಷ್ಟು ದೊಡ್ಡದು ಅಂತ ಅಳೆಯೋಕಾಗುತ್ತಾ?

ಅಂದಾಜು ಸಿಗುತ್ತದೆ. ಹೈಡ್ರೋಜನ್‌ಗೆ ಅಂಟಿದ ಕಾರ್ಬನ್ನಿನ ಸಿಗ್ನಲ್ ಬೇಗ ಅಳಿಯುವಂತೆ ಮಾಡಿ, ದೂರದವನ್ನು ಉಳಿಸಿಕೊಳ್ಳುವ ಡೈಪೋಲಾರ್ ಡಿಫೇಸಿಂಗ್ ಎಂಬ ಉಪಾಯ ಇದೆ. ಬೆಂಜೀನ್‌ನಲ್ಲಿ ಆರಕ್ಕೆ ಆರೂ ಹೈಡ್ರೋಜನ್ ಹೊತ್ತವು, ನ್ಯಾಫ್ತಲೀನ್‌ನಲ್ಲಿ ಹತ್ತಕ್ಕೆ ಎಂಟು, ಏಳು ಉಂಗುರದ ಕೊರೊನೀನ್‌ನಲ್ಲಿ ಇಪ್ಪತ್ತನಾಲ್ಕಕ್ಕೆ ಹನ್ನೆರಡು. ಹೊತ್ತವೆಷ್ಟು, ಖಾಲಿ ಎಷ್ಟು ಎಂಬ ಪಾಲು ಸಿಕ್ಕರೆ ಹೆಣಿಗೆಯ ಗಾತ್ರಕ್ಕೆ ಒಂದು ಕನಿಷ್ಠ ಮಿತಿ ಹಾಕಬಹುದು. ಅಂಚಿನಲ್ಲಿ ಹೈಡ್ರೋಜನ್ ಬದಲು ಆಮ್ಲಜನಕ ಕೂತಿದ್ದರೆ ಅದನ್ನೂ ಲೆಕ್ಕಕ್ಕೆ ತಗೋಬೇಕು, ಇಲ್ಲದಿದ್ದರೆ ಹೆಣಿಗೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಬಯೋಚಾರ್ ಹಾಕಿದೀನಿ. ಎನ್‌ಎಂಆರ್ ರಿಪೋರ್ಟ್ ತೋರಿಸಿದ್ರೆ ಕಾರ್ಬನ್ ಕ್ರೆಡಿಟ್ ಕೊಡ್ತಾರಾ ಅಮ್ಮಾ?

ಮೊದಲಿಗೇ ಎನ್‌ಎಂಆರ್‌ಗೆ ದುಡ್ಡು ಸುರಿಯಬೇಡಿ ಅಣ್ಣಾ. ಬಯೋಚಾರ್ ಅಂದರೆ ಮಣ್ಣಿಗೆ ಹಾಕುವ ಇದ್ದಿಲು, ಕಾರ್ಬನ್ ಕ್ರೆಡಿಟ್ ಅಂದರೆ ಕಾರ್ಬನ್ ಹಿಡಿದಿಟ್ಟದ್ದಕ್ಕೆ ಸಿಗುವ, ಮಾರಬಹುದಾದ ಪತ್ರ. ಸಾಮಾನ್ಯವಾಗಿ ಕೇಳುವುದು ಹೈಡ್ರೋಜನ್ ಮತ್ತು ಸಾವಯವ ಕಾರ್ಬನ್ನಿನ ಪರಮಾಣು ಅನುಪಾತ, ಅದು 0.7ಕ್ಕಿಂತ ಕೆಳಗಿರಬೇಕು. ಅದಕ್ಕೆ ಧಾತು ವಿಶ್ಲೇಷಣೆ ಸಾಕು, ಖರ್ಚೂ ಕಡಿಮೆ. ಎನ್‌ಎಂಆರ್ ಹೇಳುವುದು ಆ ಅಂಕಿ ಯಾಕೆ ಹಾಗೆ ಬಂತು ಎಂದು. ಅರೆಬರೆ ಸುಟ್ಟ ಹೊಟ್ಟು ಪೂರ್ತಿ ಸುಟ್ಟದ್ದರ ಜೊತೆ ಬೆರೆತಿದ್ದರೆ ಅನುಪಾತ ಸರಾಸರಿಯಲ್ಲಿ ಪಾಸಾಗಿಬಿಡಬಹುದು. ಸ್ಪೆಕ್ಟ್ರಮ್‌ನಲ್ಲಿ 72ರ ಗೋಪುರ ಇನ್ನೂ ನಿಂತಿರುತ್ತದೆ, ಸೆಲ್ಯುಲೋಸ್ ಹಾಗೇ ಉಳಿದಿದೆ ಎಂದರ್ಥ. ಗುಂಡಿಯಲ್ಲಿ ಸುಡುವ ಕಡೆ ಇದು ಮಾಮೂಲಿ, ಮೇಲಿನದು ಬೇಯುತ್ತದೆ, ಅಂಚಿನದು ಹಸಿ ಉಳಿಯುತ್ತದೆ. ನಿಮ್ಮ ಅಂಕಿ 0.7ರ ಅಂಚಿನಲ್ಲಿ ಬಂದು ಅನುಮಾನ ಉಳಿದರೆ ಆಗ ತನ್ನಿ. ಗುಂಡಿಯ ನಡುವಿನದೊಂದು ಪೊಟ್ಟಣ, ಅಂಚಿನದೊಂದು ಪೊಟ್ಟಣ. ಚೀಲ ಬೇಡ.